ಸೂರ್ಯನ ದಿನಚರಿಯನ್ನು ಕಾಪಾಡಿದವರು: ಖಗೋಳ ವಿಜ್ಞಾನಿ ವೈನು ಬಪ್ಪು

1980ನೆಯ ಇಸವಿಯ ಫೆಬ್ರವರಿ 16, ಶನಿವಾರ. ಅಂದು ಮಧ್ಯಾಹ್ನ ಚಂದ್ರನ ನೆರಳು ಅರಬ್ಬೀ ಸಮುದ್ರವನ್ನು ದಾಟಿ ಅಂಕೋಲೆಯ ಬಳಿ ದಡವೇರಿತು. ಹುಬ್ಬಳ್ಳಿ, ಗದಗ ಸೀಮೆಗಳನ್ನು ಹಾದು, ರಾಯಚೂರಿನ ಎರೆಹೊಲಗಳನ್ನು ಮುಚ್ಚಿ, ಮೂರೂಮುಕ್ಕಾಲು ಗಂಟೆಯ ಸುಮಾರಿಗೆ ನಮ್ಮ ಕೃಷ್ಣಾ, ಮಕ್ತಲ್, ಗದ್ವಾಲಗಳ ಮೇಲೆ ಬಂದಿತು. ಎರಡು ನಿಮಿಷಗಳಿಗೂ ಹೆಚ್ಚು ಕಾಲ ಹಗಲು ಮುಸ್ಸಂಜೆಯಾಯಿತು. ಕಪ್ಪಾದ ಸೂರ್ಯಬಿಂಬದ ಸುತ್ತ ಮುತ್ತಿನ ಬಣ್ಣದ ಪ್ರಭಾವಲಯ ಹರಡಿ ನಿಂತಿತು. ಆಮೇಲೆ ನೆರಳು ಪೂರ್ವಕ್ಕೆ ಸರಿದುಹೋಯಿತು.

ನಮ್ಮಲ್ಲಿ ಅದನ್ನು ಕಂಡವರು ಕಡಿಮೆ. ಅಂದು ಬಾಲಕರಾಗಿದ್ದ ನಮ್ಮ ಶಾಲೆಯ ಹಿರಿಯ ವಿದ್ಯಾರ್ಥಿಗಳನ್ನು ಕೇಳಿದರೆ, ಮನೆಯ ಬಾಗಿಲು ಮುಚ್ಚಿದ್ದುದು, ನೀರಿನ ಕೊಡಕ್ಕೂ ಮಜ್ಜಿಗೆಯ ಗಡಿಗೆಗೂ ಗರಿಕೆ ಹಾಕಿದ್ದುದು, ಕಿಟಕಿಯ ಸಂದಿಯಿಂದ ಬರುತ್ತಿದ್ದ ಬೆಳಕು ಇದ್ದಕ್ಕಿದ್ದಂತೆ ಕುಂದಿದ್ದು, ಇವಷ್ಟೇ ಅವರ ನೆನಪಿನಲ್ಲಿವೆ. ಹಿರಿಯರ ಅಂಜಿಕೆಯನ್ನು ನಾವು ಹಗುರವಾಗಿ ಕಾಣಬೇಕಾಗಿಲ್ಲ. ಬರಿಗಣ್ಣಿನಿಂದ ಸೂರ್ಯನನ್ನು ನೋಡಿದರೆ ದೃಷ್ಟಿ ಹೋಗುವುದು ನಿಜ. ಆದರೆ ಸೂರ್ಯ ಪೂರ್ಣವಾಗಿ ಮರೆಯಾದ ಆ ಎರಡು ನಿಮಿಷಗಳು ಮಾತ್ರ ಕಣ್ಣಿಗೆ ಹಾನಿಯಿಲ್ಲದವು ಎಂಬುದನ್ನು ಹೇಳಿಕೊಡುವವರು ಆಗ ನಮ್ಮ ಊರುಗಳಲ್ಲಿ ಇರಲಿಲ್ಲ.

ಅದೇ ಹೊತ್ತಿನಲ್ಲಿ, ನಮ್ಮ ನೆರೆಯ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಜವಳಗೇರಾದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ತಂಡವೊಂದು ಉಪಕರಣಗಳನ್ನು ಸಜ್ಜುಗೊಳಿಸಿಕೊಂಡು ಈ ಎರಡು ನಿಮಿಷಗಳಿಗಾಗಿಯೇ ಕಾದು ನಿಂತಿತ್ತು. ಆ ಸಂಸ್ಥೆಯನ್ನು ಕಟ್ಟಿ ನಡೆಸುತ್ತಿದ್ದವರು ಡಾ. ಮನಾಲಿ ಕಲ್ಲಟ್ ವೈನು ಬಪ್ಪು. ನಾವು ಬಾಗಿಲು ಮುಚ್ಚಿ ಕುಳಿತಿದ್ದಾಗ ನಮ್ಮ ತಲೆಯ ಮೇಲೆ ಏನಿತ್ತು, ಅದನ್ನು ಅರಿಯಲು ಒಂದು ಜೀವಮಾನವನ್ನೇ ಮುಡಿಪಾಗಿಟ್ಟ ಆ ಮಹನೀಯರು ಯಾರು ಎಂಬುದನ್ನು ನಮ್ಮ ಶಾಲೆಯ ಶತಮಾನೋತ್ಸವದ ಈ ಸಂಚಿಕೆಯಲ್ಲಿ ದಾಖಲಿಸುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಬಪ್ಪು ಅವರು ಜನಿಸಿದ್ದು 1927ರ ಆಗಸ್ಟ್ 10ರಂದು, ಮದರಾಸಿನಲ್ಲಿ. ಮನೆತನ ಮಲಬಾರಿನ ತಲಶ್ಶೇರಿಯದು. ತಾಯಿತಂದೆಯರಿಗೆ ಅವರೊಬ್ಬರೇ ಮಗ. ಆದರೆ ಅವರು ಬೆಳೆದದ್ದು, ಕಲಿತದ್ದು ಹೈದರಾಬಾದಿನಲ್ಲಿ. ತಂದೆಯವರು ಅಲ್ಲಿಯ ನಿಜಾಮಿಯಾ ವೇಧಶಾಲೆಯಲ್ಲಿ ಆಕಾಶವೀಕ್ಷಣೆಯ ಕೆಲಸದಲ್ಲಿದ್ದರು. 1901ರಲ್ಲಿ ನವಾಬ್ ಜಫರ್ ಜಂಗ್ ಅವರು ಸ್ವಂತ ಆಸಕ್ತಿಯಿಂದ ಸ್ಥಾಪಿಸಿದ ಈ ವೇಧಶಾಲೆಯು ಮುಂದೆ ಸಂಸ್ಥಾನದ ಸರ್ಕಾರದ ವಶಕ್ಕೆ ಬಂದು, ಇಡೀ ಆಕಾಶದ ನಕ್ಷತ್ರಗಳ ಪಟ್ಟಿಯನ್ನು ತಯಾರಿಸುವ ಅಂತಾರಾಷ್ಟ್ರೀಯ ಕಾರ್ಯದಲ್ಲಿ ಪಾಲ್ಗೊಂಡಿತ್ತು. ದೂರದರ್ಶಕವೂ ಛಾಯಾಚಿತ್ರದ ಗಾಜಿನ ಫಲಕಗಳೂ ಬಾಲಕ ಬಪ್ಪುವಿಗೆ ಮನೆಯ ಸಾಮಾನುಗಳಷ್ಟೇ ಪರಿಚಿತವಾಗಿದ್ದವು. ಓದಿನ ಜೊತೆಗೆ ಚರ್ಚಾಸ್ಪರ್ಧೆ, ಆಟೋಟಗಳಲ್ಲಿಯೂ ಅವರು ಮುಂದಿದ್ದರು. ನಿಜಾಮ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಅಭ್ಯಾಸ ಮಾಡಿದರು.

ಆ ಕಾಲದಲ್ಲಿ ನಮ್ಮ ಮಕ್ತಲ್, ನಾರಾಯಣಪೇಟೆ, ಗದ್ವಾಲಗಳೂ, ಹೊಳೆಯಾಚೆಯ ರಾಯಚೂರೂ ಅದೇ ಹೈದರಾಬಾದ್ ಸಂಸ್ಥಾನದ ಊರುಗಳು. ಆಡಳಿತದ ಭಾಷೆ ಉರ್ದು, ಮನೆಯ ಭಾಷೆ ಕನ್ನಡವೋ ತೆಲುಗೋ ಮರಾಠಿಯೋ. ಹೀಗೆ ಹಲವು ಭಾಷೆಗಳ ನಡುವೆ ಬೆಳೆಯುವುದು ಎಂತಹುದೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಲಯಾಳಿ ಮನೆತನದ ಈ ಬಾಲಕನೂ ಅಂತಹದೇ ನೆಲದಲ್ಲಿ ಬೆಳೆದವನು.

1948ರಲ್ಲಿ ಸಂಸ್ಥಾನವು ಭಾರತದ ಒಕ್ಕೂಟಕ್ಕೆ ಸೇರಿತು. ಆ ಸುಮಾರಿನಲ್ಲಿ ಅಮೆರಿಕದ ಹಾರ್ವರ್ಡ್ ವೇಧಶಾಲೆಯ ನಿರ್ದೇಶಕ ಹಾರ್ಲೊ ಶಾಪ್ಲಿ ಅವರ ಪರಿಚಯವು ಯುವಕ ಬಪ್ಪು ಅವರಿಗೆ ದೊರೆಯಿತು. ಹೈದರಾಬಾದ್ ಸರ್ಕಾರವು ವಿದ್ಯಾರ್ಥಿವೇತನವನ್ನು ನೀಡಿತು. 1949ರ ಆರಂಭದಲ್ಲಿ ಅವರು ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು. ಆರು ತಿಂಗಳು ತುಂಬುವಷ್ಟರಲ್ಲಿಯೇ, ಜುಲೈ 2ರ ರಾತ್ರಿ ತೆಗೆದ ಛಾಯಾಚಿತ್ರ ಫಲಕವೊಂದರಲ್ಲಿ ಅವರು ಹೊಸ ಧೂಮಕೇತುವೊಂದನ್ನು ಗುರುತಿಸಿದರು. ಬಾರ್ಟ್ ಬಾಕ್, ಗೋರ್ಡನ್ ನ್ಯೂಕಿರ್ಕ್ ಎಂಬ ಸಹೋದ್ಯೋಗಿಗಳೂ ಅದರ ಅಧ್ಯಯನದಲ್ಲಿ ಸೇರಿಕೊಂಡುದರಿಂದ ಅದಕ್ಕೆ ಬಪ್ಪು-ಬಾಕ್-ನ್ಯೂಕಿರ್ಕ್ ಧೂಮಕೇತು ಎಂದು ಹೆಸರಾಯಿತು. ಇಪ್ಪತ್ತೆರಡು ವರ್ಷ ತುಂಬದ ವಿದ್ಯಾರ್ಥಿಗೆ ಪೆಸಿಫಿಕ್ ಖಗೋಳ ಸಂಘದ ಡೊನೊಹೊ ಪದಕವು ಸಂದಿತು.

ಧೂಮಕೇತುವಿನ ಮಾತು ಬಂದುದರಿಂದ ಇಲ್ಲಿ ಒಂದು ವಿಷಯವನ್ನು ಹೇಳಿ ಮುಂದುವರಿಯುತ್ತೇವೆ. ಧೂಮಕೇತುವಿನ ಅನಿಲದ ಬಾಲವು ಅದು ಬಂದ ದಾರಿಯ ಕಡೆಗೆ ಚಾಚಿರುವುದಿಲ್ಲ. ಅದು ಯಾವಾಗಲೂ ಸೂರ್ಯನಿಗೆ ವಿಮುಖವಾಗಿರುತ್ತದೆ. ತೂರುವಾಗ ಕಣದಲ್ಲಿ ಹೊಟ್ಟು ಗಾಳಿಯ ದಿಕ್ಕಿಗೆ ಹಾರುವಂತೆ ಅದೂ ಒಂದು ದಿಕ್ಕಿಗೆ ಹಾರುತ್ತದೆ. ಸೂರ್ಯನ ಬೆಳಕಿನ ಒತ್ತಡವೊಂದೇ ಇದಕ್ಕೆ ಸಾಲದೆಂದೂ, ಸೂರ್ಯನಿಂದ ಎಲ್ಲ ದಿಕ್ಕುಗಳಿಗೂ ಕಣಗಳ ಪ್ರವಾಹವೊಂದು ಎಡೆಬಿಡದೆ ಹೊರಹೊಮ್ಮುತ್ತಿರಬೇಕೆಂದೂ ಜರ್ಮನಿಯ ಲುಡ್ವಿಗ್ ಬಿಯರ್ಮನ್ ಅವರು 1951ರಲ್ಲಿ ವಾದಿಸಿದರು. 1958ರಲ್ಲಿ ಅಮೆರಿಕದ ಯೂಜೀನ್ ಪಾರ್ಕರ್ ಅವರು ಈ ಪ್ರವಾಹದ ಸಿದ್ಧಾಂತವನ್ನು ರೂಪಿಸಿ ಅದಕ್ಕೆ ಸೌರಮಾರುತವೆಂಬ ಹೆಸರನ್ನಿತ್ತರು. ಆರಂಭದಲ್ಲಿ ಒಪ್ಪದವರೇ ಹೆಚ್ಚು. 1962ರಲ್ಲಿ ಮ್ಯಾರಿನರ್-2 ಗಗನನೌಕೆಯು ಶುಕ್ರಗ್ರಹದತ್ತ ಸಾಗುತ್ತ ಆ ಮಾರುತವನ್ನು ತಿಂಗಳುಗಟ್ಟಲೆ ಅಳೆದ ಮೇಲೆ ಸಂಶಯ ಉಳಿಯಲಿಲ್ಲ. ಅದು ಸೆಕೆಂಡಿಗೆ ಸುಮಾರು 400 ಕಿಲೋಮೀಟರು ವೇಗದ ಮಾರುತ. ಹಿಡಿಗೆ ಸಿಕ್ಕದಷ್ಟು ತೆಳುವಾದದ್ದು. ಭೂಮಿಯ ಬಳಿ ಒಂದು ಘನ ಸೆಂಟಿಮೀಟರಿನಲ್ಲಿ ಐದಾರು ಕಣಗಳಿದ್ದರೆ ಹೆಚ್ಚು. ಈ ಮಾರುತವು ಸೂರ್ಯನ ಕಾಂತಕ್ಷೇತ್ರವನ್ನೂ ತನ್ನೊಡನೆ ಎಳೆದು ತರುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

1952ರಲ್ಲಿ ಬಪ್ಪು ಅವರು ಡಾಕ್ಟರೇಟ್ ಪದವಿಯನ್ನು ಪಡೆದರು. ಕಾರ್ನೆಗಿ ಫೆಲೋಶಿಪ್ಪಿನ ಮೇಲೆ ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ ಮತ್ತು ಪಾಲೊಮಾರ್ ವೇಧಶಾಲೆಗಳಲ್ಲಿ ಕೆಲಸ ಮಾಡಿದರು. ಅಲ್ಲಿ ಓಲಿನ್ ವಿಲ್ಸನ್ ಅವರೊಡಗೂಡಿ ನಡೆಸಿದ ಸಂಶೋಧನೆಯು 1957ರಲ್ಲಿ ಪ್ರಕಟವಾಯಿತು. ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ನೇರಳೆಯ ಭಾಗದಲ್ಲಿ ಕ್ಯಾಲ್ಸಿಯಂ ಧಾತುವಿನ ದಟ್ಟವಾದ ಕಪ್ಪು ಗೆರೆಯೊಂದು ಕಾಣುತ್ತದೆ. ಆ ಗೆರೆಯ ನಡುಮಧ್ಯದಲ್ಲಿ ಕೆಲವು ನಕ್ಷತ್ರಗಳಲ್ಲಿ ಸಣ್ಣದೊಂದು ಬೆಳಕಿನ ಗೆರೆ ಇರುತ್ತದೆ. ನಕ್ಷತ್ರದ ನಿಜವಾದ ಪ್ರಭೆ ಹೆಚ್ಚಿದಷ್ಟೂ ಆ ಬೆಳಕಿನ ಗೆರೆ ಅಗಲವಾಗುತ್ತದೆ ಎಂಬುದನ್ನು ಅವರಿಬ್ಬರೂ ಕಂಡುಕೊಂಡರು. ಗೆರೆಯ ಅಗಲವನ್ನು ಅಳೆದರೆ ನಕ್ಷತ್ರದ ನಿಜವಾದ ಪ್ರಭೆ ತಿಳಿಯುತ್ತದೆ, ಪ್ರಭೆ ತಿಳಿದರೆ ದೂರ ತಿಳಿಯುತ್ತದೆ. ಇಂದು ಜಗತ್ತಿನ ಖಗೋಳ ಪಠ್ಯಪುಸ್ತಕಗಳಲ್ಲಿ ಇದಕ್ಕೆ ವಿಲ್ಸನ್-ಬಪ್ಪು ಪರಿಣಾಮವೆಂದೇ ಹೆಸರು.

ಅಮೆರಿಕದಲ್ಲಿಯೇ ಉಳಿದಿದ್ದರೆ ಜಗತ್ತಿನ ಅತಿ ದೊಡ್ಡ ದೂರದರ್ಶಕಗಳು ಅವರ ಕೈಗೆ ಎಟುಕುವಂತಿದ್ದವು. ಬಪ್ಪು ಅವರು ಸ್ವದೇಶಕ್ಕೆ ಮರಳಿದರು. 1954ರಲ್ಲಿ ಉತ್ತರ ಪ್ರದೇಶದ ಸರ್ಕಾರಿ ವೇಧಶಾಲೆಯ ಹೊಣೆ ಹೊತ್ತು, ವಾರಾಣಸಿಯಲ್ಲಿ ಆರಂಭವಾಗಿದ್ದ ಅದನ್ನು ನೈನಿತಾಲಿನ ಬೆಟ್ಟಕ್ಕೆ ಸಾಗಿಸಿದರು. 1960ರಲ್ಲಿ, ಇನ್ನೂ ಮೂವತ್ತಮೂರರ ಆಸುಪಾಸಿನಲ್ಲಿದ್ದಾಗಲೇ, ಕೊಡೈಕನಾಲ್ ವೇಧಶಾಲೆಯ ನಿರ್ದೇಶಕರಾದರು.

ಕೊಡೈಕನಾಲಿನಲ್ಲಿ ಅವರಿಗೆ ದೊರೆತದ್ದು ಒಂದು ಅಪೂರ್ವವಾದ ಆಸ್ತಿ. ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದಲೂ ಆ ಬೆಟ್ಟದ ಮೇಲೆ ಮೋಡ ಇಲ್ಲದ ಪ್ರತಿ ದಿನ ಸೂರ್ಯನ ಚಿತ್ರ ತೆಗೆಯುವುದು ನಡೆದುಬಂದಿತ್ತು. ಸಾಮಾನ್ಯ ಬೆಳಕಿನಲ್ಲಿ ಒಂದು ಚಿತ್ರ, ಮೇಲೆ ಹೇಳಿದ ಕ್ಯಾಲ್ಸಿಯಂ ಗೆರೆಯ ಬೆಳಕಿನಲ್ಲಿ ಇನ್ನೊಂದು. ಸೌರಕಲೆಗಳಲ್ಲಿ ಪ್ರಬಲವಾದ ಕಾಂತಕ್ಷೇತ್ರವಿದೆಯೆಂದು ಅಮೆರಿಕದ ಜಾರ್ಜ್ ಹೇಲ್ ಅವರು 1908ರಲ್ಲಿ ತೋರಿಸಿಕೊಟ್ಟಿದ್ದರು. ಮರುವರ್ಷವೇ ಕೊಡೈಕನಾಲಿನ ಜಾನ್ ಎವರ್‌ಶೆಡ್ ಅವರು ಸೌರಕಲೆಗಳ ಅಂಚಿನಲ್ಲಿ ಅನಿಲವು ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದಿದ್ದರು. ಸೂರ್ಯನ ಮೇಲೆ ಕಾಂತಕ್ಷೇತ್ರ ಎಲ್ಲಿ ಪ್ರಬಲವಾಗಿದೆಯೋ ಅಲ್ಲಿ ಕ್ಯಾಲ್ಸಿಯಂ ಬೆಳಕು ಪ್ರಕಾಶಮಾನವಾಗಿ ಕಾಣುತ್ತದೆ. ಆದುದರಿಂದ ಆ ಬೆಟ್ಟದ ಕಪಾಟುಗಳಲ್ಲಿ ಶೇಖರವಾಗಿದ್ದ ಗಾಜಿನ ಫಲಕಗಳು, ತೆಗೆದವರಿಗೇ ಪೂರ್ತಿಯಾಗಿ ತಿಳಿಯದಂತೆ, ಸೂರ್ಯನ ಕಾಂತಶಕ್ತಿಯ ದಿನಚರಿಯೇ ಆಗಿದ್ದವು.

ಬಪ್ಪು ಅವರು ಆ ದಿನಚರಿಯನ್ನು ಒಂದು ದಿನವೂ ಕಡಿಯಗೊಡಲಿಲ್ಲ. ಹೊಸ ಸಾಧನಗಳನ್ನು ಕೂಡಿಸಿದರು, ಸೂರ್ಯನ ಕಾಂತಕ್ಷೇತ್ರವನ್ನು ನೇರವಾಗಿ ಅಳೆಯುವ ಪ್ರಯತ್ನಗಳಿಗೆ ಬೆಂಬಲವಾಗಿ ನಿಂತರು. ತಾವೂ ಕೆ. ಆರ್. ಶಿವರಾಮನ್ ಅವರೂ ಸೇರಿ ಸೂರ್ಯನ ಮೇಲ್ಪದರದ ಸೂಕ್ಷ್ಮವಾದ ಹೊಳಪಿನ ಚುಕ್ಕೆಗಳನ್ನು ಒಂದೊಂದಾಗಿ ಪರಿಶೀಲಿಸಿ, ದೂರದ ನಕ್ಷತ್ರಗಳಲ್ಲಿ ಕಂಡ ಆ ಬೆಳಕಿನ ಗೆರೆಗೆ ನಮ್ಮ ಸೂರ್ಯನಲ್ಲಿಯೇ ವಿವರಣೆಯನ್ನು ಹುಡುಕಿದರು. ಸೂರ್ಯನೂ ಒಂದು ನಕ್ಷತ್ರ, ಹತ್ತಿರದ ಇದನ್ನು ಸರಿಯಾಗಿ ಓದಿದರೆ ದೂರದವೂ ತಿಳಿಯುತ್ತವೆ ಎಂಬುದು ಅವರ ಸಂಶೋಧನೆಯ ಒಳದಾರ.

ಸೂರ್ಯನಿಗೆ ಕೊಡೈಕನಾಲ್ ಸಾಕು, ರಾತ್ರಿಯ ಆಕಾಶಕ್ಕೆ ಸಾಲದು. ಅವರು ದಕ್ಷಿಣದ ಬೆಟ್ಟಗಳಲ್ಲಿ ಅಲೆದು, ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರನ್ನು ಆರಿಸಿದರು. ಕೊಡೈಕನಾಲಿನ ಕಾರ್ಯಾಗಾರದಲ್ಲಿಯೇ ತಯಾರಾದ 38 ಸೆಂಟಿಮೀಟರಿನ ದೂರದರ್ಶಕದಿಂದ 1968ರಲ್ಲಿ ಅಲ್ಲಿ ಕೆಲಸ ಆರಂಭವಾಯಿತು. 1972ರಲ್ಲಿ ಒಂದು ಮೀಟರಿನ ದೂರದರ್ಶಕ ಬಂದಿತು. 1977ರಲ್ಲಿ ಯುರೇನಸ್ ಗ್ರಹದ ಉಂಗುರಗಳು ಪತ್ತೆಯಾದಾಗ ಆ ಘಟನೆಯನ್ನು ದಾಖಲಿಸಿದ ತಂಡಗಳಲ್ಲಿ ಕಾವಲೂರಿನದೂ ಒಂದು. 1971ರಲ್ಲಿ ವೇಧಶಾಲೆಯು ಭಾರತೀಯ ಖಭೌತ ಸಂಸ್ಥೆಯೆಂಬ ಸ್ವಾಯತ್ತ ಸಂಸ್ಥೆಯಾಯಿತು. ಕೆಲವೇ ವರ್ಷಗಳಲ್ಲಿ ಅದರ ಕೇಂದ್ರ ಕಚೇರಿ ಬೆಂಗಳೂರಿಗೆ ಬಂದು, ಕೋರಮಂಗಲದಲ್ಲಿ ನೆಲೆಯೂರಿತು. ಕರ್ನಾಟಕದ ಗೌರಿಬಿದನೂರಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆಯೊಡನೆ ಸೇರಿ ರೇಡಿಯೊ ದೂರದರ್ಶಕವೂ ತಲೆಯೆತ್ತಿತು.

ಅವರಿಗೆ ದೊಡ್ಡ ಕನಸೊಂದಿತ್ತು. 2.34 ಮೀಟರಿನ ಕನ್ನಡಿಯುಳ್ಳ ದೂರದರ್ಶಕವನ್ನು ಹೊರದೇಶದಿಂದ ಕೊಳ್ಳದೆ ಇಲ್ಲಿಯೇ ವಿನ್ಯಾಸಗೊಳಿಸಿ, ಇಲ್ಲಿಯೇ ಕಟ್ಟಬೇಕೆಂಬುದು ಆ ಕನಸು. ಕೊಂಡು ತಂದರೆ ಬೇಗನೆ ಆಗುವ ಕೆಲಸಕ್ಕೆ ಅವರು ಕಷ್ಟದ ದಾರಿಯನ್ನು ಹಿಡಿದರು. ಕೊಂಡ ಸಾಧನ ಹಳತಾಗುತ್ತದೆ, ಕಟ್ಟಲು ಕಲಿತ ಕೈಗಳು ಮುಂದಿನದನ್ನೂ ಕಟ್ಟುತ್ತವೆ ಎಂಬ ನಂಬಿಕೆ ಅವರದಾಗಿತ್ತು. ಆ ಗಾಜನ್ನು ಉಜ್ಜಿ ಹೊಳಪು ಕೊಡುವ ಕೆಲಸ ಬೆಂಗಳೂರಿನ ಸಂಸ್ಥೆಯಲ್ಲಿ ವರ್ಷಗಟ್ಟಲೆ ನಡೆಯಿತು.

ಇನ್ನು 1980ರ ಆ ಮಧ್ಯಾಹ್ನಕ್ಕೆ ಮರಳುತ್ತೇವೆ. ಪ್ರಭಾವಲಯವು ಸೂರ್ಯನ ಹೊರಗಿನ ವಾತಾವರಣ, ಸೌರಮಾರುತದ ಹುಟ್ಟೂರು. ಸೂರ್ಯನ ಮೇಲ್ಮೈಯ ಉಷ್ಣತೆ ಆರು ಸಾವಿರ ಡಿಗ್ರಿಯ ಒಳಗಿದ್ದರೆ ಪ್ರಭಾವಲಯದ್ದು ಹತ್ತು ಲಕ್ಷವನ್ನು ಮೀರುತ್ತದೆ. ಒಲೆಗಿಂತ ಅದರ ಮೇಲಿನ ಗಾಳಿಯೇ ನೂರಾರು ಪಟ್ಟು ಬಿಸಿಯಾಗಿರುವಂತಹ ವಿಚಿತ್ರವಿದು. ಬಪ್ಪು ಅವರೂ ಅವರ ಸಹೋದ್ಯೋಗಿಗಳಾದ ಜಗದೇವ್ ಸಿಂಗ್ ಮತ್ತು ಎ. ಕೆ. ಸಕ್ಸೇನ ಅವರೂ ಆ ಗ್ರಹಣದಲ್ಲಿ ಪ್ರಭಾವಲಯದ ಅನೇಕ ಕಡೆಗಳಿಂದ ಏಕಕಾಲಕ್ಕೆ ಬೆಳಕನ್ನು ಹಿಡಿಯುವಂತೆ ಹಲವು ಸೀಳುಗಂಡಿಗಳುಳ್ಳ ವರ್ಣಪಟಲ ಮಾಪಕವನ್ನು ಅಣಿಗೊಳಿಸಿದ್ದರು. ಅದರಿಂದ ಅವರು ಅಳೆದದ್ದು ಕಬ್ಬಿಣದ ಅಯಾನುಗಳು ಹೊರಸೂಸುವ ಕೆಂಪು ಗೆರೆಯ ಅಗಲವನ್ನು. ಕಣಗಳು ಬಿಸಿಯಿಂದ ಮಾತ್ರ ಅಲ್ಲಾಡುತ್ತಿದ್ದರೆ ಗೆರೆಗೆ ಇಷ್ಟು ಅಗಲವಿರಬೇಕೆಂದು ಲೆಕ್ಕ ಹಾಕಬಹುದು. ಕಂಡ ಗೆರೆ ಅದಕ್ಕಿಂತ ಅಗಲವಾಗಿತ್ತು. ಬಿಸಿಯ ಜೊತೆಗೆ ಸೆಕೆಂಡಿಗೆ ಹತ್ತಾರು ಕಿಲೋಮೀಟರು ವೇಗದ ಕಲಕಾಟವೂ ಅಲ್ಲಿದೆಯೆಂದು ಇದರಿಂದ ತಿಳಿಯಿತು. ಇದನ್ನೇ ಪ್ರಕ್ಷುಬ್ಧತೆ ಎನ್ನುತ್ತಾರೆ. ನಮ್ಮ ಊರಿನ ಮೇಲೆ ಎರಡು ನಿಮಿಷ ನಿಂತಿದ್ದ ಆ ಮುತ್ತಿನ ಬೆಳಕಿನೊಳಗೆ ಸುಳಿಗಳೂ ಅಲೆಗಳೂ ತುಂಬಿದ್ದವು.

ಪ್ರಕ್ಷುಬ್ಧತೆ ಎಂದರೇನೆಂದು ನದಿಯ ದಂಡೆಯವರಾದ ನಮಗೆ ತಿಳಿಯದ್ದಲ್ಲ. ಆಷಾಢ ಕಳೆದು ಹೊಳೆ ತುಂಬಿ ಬಂದಾಗ, ಭೀಮೆಯು ಕೃಷ್ಣೆಯನ್ನು ಕೂಡುವ ಸಂಗಮದಿಂದ ರೈಲು ಸೇತುವೆಯ ಕಂಬಗಳವರೆಗೆ ನೀರು ಹೇಗೆ ಹರಿಯುತ್ತದೆಂದು ನಾವೆಲ್ಲ ನೋಡಿದ್ದೇವೆ. ದೊಡ್ಡ ಸುಳಿ ಒಡೆದು ಸಣ್ಣ ಸುಳಿಗಳಾಗುತ್ತವೆ, ಅವು ಇನ್ನೂ ಸಣ್ಣವಾಗಿ ಒಡೆಯುತ್ತವೆ, ಕಡೆಗೆ ನೀರಿನ ಅಂಟಿನಲ್ಲಿ ಕರಗಿ ಬಿಸಿಯಾಗಿ ಹೋಗುತ್ತವೆ. ಯಾವ ಸುಳಿ ಯಾವ ಕ್ಷಣದಲ್ಲಿ ಎಲ್ಲಿ ಏಳುವುದೆಂದು ಯಾರೂ ಹೇಳಲಾರರು. ಒಮ್ಮೆ ಕಂಡ ಸುಳಿ ಇನ್ನೊಮ್ಮೆ ಅದೇ ರೀತಿ ಬಾರದು. ಹಾಗಾದರೆ ಇಂತಹದನ್ನು ಅರಿಯುವುದು ಹೇಗೆ? ಒಂದೊಂದು ಸುಳಿಯ ಬೆನ್ನುಹತ್ತುವುದರಿಂದಲ್ಲ. ಬಹು ಕಾಲ ಅಳೆದು, ಎಲ್ಲ ಅಳತೆಗಳನ್ನೂ ಒಟ್ಟಿಗಿಟ್ಟು, ಅವುಗಳ ಒಟ್ಟು ನಡವಳಿಕೆಯಲ್ಲಿ ನಿಯಮವನ್ನು ಹುಡುಕುವುದರಿಂದ. ರಷ್ಯದ ಗಣಿತಜ್ಞ ಆಂದ್ರೇ ಕೊಲ್ಮೊಗೊರೊವ್ ಅವರು 1941ರಲ್ಲಿ ಇಂತಹ ನಿಯಮವೊಂದನ್ನು ಕೊಟ್ಟರು. ದೊಡ್ಡ ಸುಳಿಗಳಿಂದ ಸಣ್ಣವಕ್ಕೆ ಶಕ್ತಿ ಇಳಿಯುವ ಪ್ರಮಾಣಕ್ಕೆ ಒಂದು ನಿಶ್ಚಿತವಾದ ಲೆಕ್ಕವಿದೆ ಎಂಬುದು ಅದರ ಸಾರ.

ಗಗನನೌಕೆಗಳಲ್ಲಿಟ್ಟ ಕಾಂತಮಾಪಕಗಳು ಸೌರಮಾರುತದಲ್ಲಿಯೂ ಇದೇ ಬಗೆಯ ನಿಯಮವನ್ನು ಕಂಡವು. ಅಲ್ಲಿಯ ಕಾಂತಕ್ಷೇತ್ರ ಬಹಳ ದುರ್ಬಲವಾದದ್ದು, ಸುಮಾರು 5 ನ್ಯಾನೊಟೆಸ್ಲಾ ಮಾತ್ರ. ನಮ್ಮ ಊರಿನಲ್ಲಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕ್ಷೇತ್ರ ಅದರ ಎಂಟು ಸಾವಿರ ಪಟ್ಟಿನಷ್ಟಿದೆ. ಆ ದುರ್ಬಲವಾದ ಕ್ಷೇತ್ರ ಕ್ಷಣಕ್ಷಣಕ್ಕೂ ತುಯ್ಯುತ್ತದೆ. ನಿಧಾನವಾದ ತುಯ್ತಗಳಲ್ಲಿ ಶಕ್ತಿ ಹೆಚ್ಚು, ವೇಗದವುಗಳಲ್ಲಿ ಕಡಿಮೆ. ತುಯ್ತದ ವೇಗ ಹತ್ತು ಪಟ್ಟು ಹೆಚ್ಚಿದರೆ ಅದರ ಪಾಲಿನ ಶಕ್ತಿಯ ಸಾಂದ್ರತೆ ಸುಮಾರು 46ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಇದು ಕೊಲ್ಮೊಗೊರೊವ್ ಅವರ ಲೆಕ್ಕಕ್ಕೆ ಹೊಂದುವ ಇಳಿತ. ಇನ್ನೊಂದು ಸೋಜಿಗವೆಂದರೆ, ಅನೇಕ ವೇಳೆ ಕ್ಷೇತ್ರದ ಬಲ ಹೆಚ್ಚು ಬದಲಾಗದೆ ದಿಕ್ಕು ಮಾತ್ರ ಓಲಾಡುತ್ತಿರುತ್ತದೆ. ಕಟ್ಟಿದ ಹಗ್ಗದ ತುದಿಯಲ್ಲಿ ಕರು ಸುತ್ತುವ ಹಾಗೆ, ಉದ್ದ ಅಷ್ಟೇ, ಮುಖ ಮಾತ್ರ ಬೇರೆ ಬೇರೆ ಕಡೆಗೆ.

ಮೂರನೆಯದು ಇವೆಲ್ಲಕ್ಕಿಂತ ಗಹನವಾದದ್ದು. ಒಂದು ತರಗತಿಯ ಮಕ್ಕಳ ಎತ್ತರವನ್ನು ಅಳೆದರೆ ಹೆಚ್ಚಿನವರು ಸರಾಸರಿಯ ಹತ್ತಿರ ಇರುತ್ತಾರೆ, ಬಹಳ ಎತ್ತರದವರೂ ಬಹಳ ಗಿಡ್ಡರೂ ವಿರಳ. ಇದನ್ನು ಚಿತ್ರಿಸಿದರೆ ಗಂಟೆಯ ಆಕಾರದ ರೇಖೆ ಬರುತ್ತದೆ. ಸೌರಮಾರುತದ ಕಾಂತಕ್ಷೇತ್ರದಲ್ಲಿ, ದೀರ್ಘವಾದ ಅಂತರದ ಎರಡು ಅಳತೆಗಳ ನಡುವಣ ವ್ಯತ್ಯಾಸಗಳು ಹೆಚ್ಚುಕಡಿಮೆ ಇದೇ ರೇಖೆಯನ್ನು ಅನುಸರಿಸುತ್ತವೆ. ಆದರೆ ಕೆಲವೇ ಸೆಕೆಂಡುಗಳ ಅಂತರದ ವ್ಯತ್ಯಾಸಗಳನ್ನು ನೋಡಿದರೆ ಆ ರೇಖೆ ಮುರಿಯುತ್ತದೆ. ಸದ್ದಿಲ್ಲದ ಹೊತ್ತು ಹೆಚ್ಚು, ನಡುವೆ ಹಠಾತ್ತಾದ ದೊಡ್ಡ ಜಿಗಿತಗಳು. ಗಂಟೆಯ ರೇಖೆಯ ಲೆಕ್ಕದಂತೆ ಬರಲೇಬಾರದಷ್ಟು ದೊಡ್ಡ ಜಿಗಿತಗಳು ಮತ್ತೆ ಮತ್ತೆ ಬರುತ್ತವೆ. ಸೌರಮಾರುತವು ಬಿಸಿಯಾಗುವುದರಲ್ಲಿ ಇಂತಹ ತಾಣಗಳ ಪಾತ್ರವೆಷ್ಟು ಎಂಬುದು ಇಂದಿಗೂ ವಿಜ್ಞಾನಿಗಳು ಬಿಡಿಸುತ್ತಿರುವ ಪ್ರಶ್ನೆ.

ಸರಾಸರಿ ಎಂಬುದು ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಹೇಳದು ಎಂಬುದಕ್ಕೆ ನಮ್ಮ ಸೀಮೆಯೇ ಸಾಕ್ಷಿ. ಭೂಮಿಯ ಮೇಲಿನ ಯಾವುದೇ ಒಂದು ಊರಿಗೆ ಪೂರ್ಣ ಸೂರ್ಯಗ್ರಹಣ ಬರುವುದು ಸರಾಸರಿ 375 ವರ್ಷಗಳಿಗೊಮ್ಮೆ. ಆದರೆ 1868ರ ಆಗಸ್ಟ್ 18ರ ಪೂರ್ಣಗ್ರಹಣದ ನೆರಳೂ ನಮ್ಮ ಮೇಲೆಯೇ ಹಾದಿತ್ತು. ಪಶ್ಚಿಮದ ಜಮಖಂಡಿಯಲ್ಲಿಯೂ ಪೂರ್ವದ ಗುಂಟೂರಿನಲ್ಲಿಯೂ ಅದನ್ನು ನೋಡಲು ವಿಜ್ಞಾನಿಗಳು ಬೀಡುಬಿಟ್ಟಿದ್ದರು. ಹೀಲಿಯಂ ಎಂಬ ಧಾತುವಿನ ಸುಳಿವು ಮೊದಲು ಸಿಕ್ಕಿದ್ದು ಆ ಗ್ರಹಣದ ಅಧ್ಯಯನಗಳ ಸಂದರ್ಭದಲ್ಲಿಯೇ. ಹೀಗೆ 112 ವರ್ಷಗಳೊಳಗೆ ನಮಗೆ ಎರಡು ಪೂರ್ಣಗ್ರಹಣಗಳು ದೊರೆತವು. ಹೊಳೆಯ ಮಾತೂ ಹಾಗೆಯೇ. ಸರಾಸರಿ ಮಳೆಯ ಪಟ್ಟಿಯನ್ನು ನೋಡಿ 2009ರ ಅಕ್ಟೋಬರಿನ ಮಹಾಪೂರವನ್ನು ಯಾರೂ ಊಹಿಸಿರಲಾರರು. ವಿರಳವಾದದ್ದನ್ನು ಎದುರಿಸಬೇಕಾದರೆ ಬಹು ಕಾಲದ ದಾಖಲೆ ಕೈಯಲ್ಲಿರಬೇಕು.

ಬಪ್ಪು ಅವರು ಸೌರಮಾರುತದ ಈ ಸಂಖ್ಯಾಶಾಸ್ತ್ರವನ್ನು ಬರೆದವರಲ್ಲ. ಅದು ಬೇರೆಯವರ ದುಡಿಮೆ. ಆದರೆ ಎಂದೂ ಮರುಕಳಿಸದ ಸೂರ್ಯನನ್ನು ಅರಿಯಬೇಕಾದರೆ ಪ್ರತಿದಿನ ಅಳೆಯಬೇಕು, ಆ ಅಳತೆಯನ್ನು ಜೋಪಾನ ಮಾಡಬೇಕು, ಮುಂದಿನವರ ಕೈಗೆ ದಾಟಿಸಬೇಕು ಎಂಬ ಶಿಸ್ತನ್ನು ಈ ನಾಡಿನಲ್ಲಿ ಬೇರೂರಿಸಿದವರಲ್ಲಿ ಅವರು ಅಗ್ರಗಣ್ಯರು.

1970ರಲ್ಲಿ ಭಟ್ನಾಗರ್ ಪ್ರಶಸ್ತಿ, 1981ರಲ್ಲಿ ಪದ್ಮಭೂಷಣ ಅವರಿಗೆ ಸಂದವು. ಭಾರತದ ಖಗೋಳ ಸಂಘವನ್ನು ಹುಟ್ಟುಹಾಕಿದವರಲ್ಲಿ ಅವರು ಪ್ರಮುಖರು. 1979ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದರು. ಆ ಪೀಠವನ್ನೇರಿದ ಮೊದಲ ಭಾರತೀಯರು ಅವರೇ. 1982ರ ಆಗಸ್ಟಿನಲ್ಲಿ ಗ್ರೀಸ್ ದೇಶದ ಪತ್ರಾಸಿನಲ್ಲಿ ಒಕ್ಕೂಟದ ಮಹಾಧಿವೇಶನ ಅವರ ಅಧ್ಯಕ್ಷತೆಯಲ್ಲಿ ನಡೆಯಬೇಕಿತ್ತು. ಆದರೆ ಹೃದಯದ ಶಸ್ತ್ರಚಿಕಿತ್ಸೆಗಾಗಿ ಜರ್ಮನಿಯ ಮ್ಯೂನಿಕ್ಕಿಗೆ ಹೋದ ಅವರು ಆಗಸ್ಟ್ 19ರಂದು ಅಲ್ಲಿಯೇ ಕೊನೆಯುಸಿರೆಳೆದರು. ಆಗ ಅವರಿಗೆ ಐವತ್ತೈದು ವರ್ಷ. 1980ರ ಗ್ರಹಣದ ಆ ಕೆಂಪು ಗೆರೆಗಳ ಪ್ರಬಂಧ ಪ್ರಕಟವಾದದ್ದು ಅದೇ ವರ್ಷ. ತಾವು ಕನಸು ಕಂಡ ದೊಡ್ಡ ದೂರದರ್ಶಕವು ಆಕಾಶವನ್ನು ನೋಡಿದ್ದನ್ನು ಅವರು ಕಾಣಲಿಲ್ಲ. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿಯವರು ಆ ದೂರದರ್ಶಕಕ್ಕೂ ಕಾವಲೂರಿನ ವೇಧಶಾಲೆಗೂ ವೈನು ಬಪ್ಪು ಅವರ ಹೆಸರನ್ನಿಟ್ಟರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1980ರ ಗ್ರಹಣದಲ್ಲಿ ಬಪ್ಪು ಅವರೊಡನಿದ್ದ ಜಗದೇವ್ ಸಿಂಗ್ ಅವರು ಮುಂದಿನ ಮೂವತ್ತು ವರ್ಷಗಳಲ್ಲಿ ಜಗತ್ತಿನ ಹಲವೆಡೆ ಗ್ರಹಣಗಳ ಬೆನ್ನುಹತ್ತಿ ಹೋದರು. ಪ್ರತಿ ಬಾರಿಯೂ ಸಿಕ್ಕುತ್ತಿದ್ದುದು ಕೆಲವೇ ನಿಮಿಷ. ಅಷ್ಟರಲ್ಲಿ ಪ್ರಕ್ಷುಬ್ಧವಾದ ಪ್ರಭಾವಲಯದ ದಿನಚರಿ ಬರೆಯುವುದಾದರೂ ಹೇಗೆ? ಚಂದ್ರನಿಗೆ ಕಾಯದೆ ನಾವೇ ಒಂದು ತಟ್ಟೆಯನ್ನು ಅಡ್ಡಹಿಡಿದು ಬಾಹ್ಯಾಕಾಶದಲ್ಲಿ ನಿತ್ಯವೂ ಗ್ರಹಣವನ್ನು ಮಾಡಿಕೊಂಡರೆ ಹೇಗೆ ಎಂಬ ಯೋಚನೆ ಬೆಳೆದು ಸಾಧನವಾಯಿತು. ಭಾರತೀಯ ಖಭೌತ ಸಂಸ್ಥೆಯು ಬೆಂಗಳೂರಿನ ಬಳಿಯ ಹೊಸಕೋಟೆಯ ತನ್ನ ಆವರಣದಲ್ಲಿ ಅದನ್ನು ಜೋಡಿಸಿತು. 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆ ಅದನ್ನು ಹೊತ್ತು ಶ್ರೀಹರಿಕೋಟೆಯಿಂದ ಏರಿತು. 2024ರ ಜನವರಿ 6ರಂದು, ಭೂಮಿಯಿಂದ 15 ಲಕ್ಷ ಕಿಲೋಮೀಟರು ದೂರದ ನೆಲೆಯನ್ನು ತಲುಪಿತು. ಅದೇ ನೌಕೆಯಲ್ಲಿರುವ ಬೆಂಗಳೂರಿನ ಕಾಂತಮಾಪಕವು ಸೌರಮಾರುತದೊಡನೆ ಬರುವ ಆ ದುರ್ಬಲ ಕ್ಷೇತ್ರದ ತುಯ್ತಗಳನ್ನು ಅಳೆಯುತ್ತದೆ. ಆ ಕ್ಷೇತ್ರ ದಕ್ಷಿಣಾಭಿಮುಖವಾಗಿ ಪ್ರಬಲವಾದಾಗ ಭೂಮಿಯ ಕಾಂತಕವಚ ಕದಡುತ್ತದೆ. 1989ರ ಮಾರ್ಚಿನಲ್ಲಿ ಕೆನಡದ ಕ್ವಿಬೆಕ್ ಪ್ರಾಂತ್ಯವು ಸೌರ ಬಿರುಗಾಳಿಯ ಹೊಡೆತದಿಂದ ಗಂಟೆಗಟ್ಟಲೆ ಕತ್ತಲೆಯಲ್ಲಿ ಮುಳುಗಿತ್ತು. ಆದುದರಿಂದ ಇದು ಬರಿಯ ಕುತೂಹಲದ ವಿಷಯವಲ್ಲ. ನಮ್ಮ ಹೊಲದ ಪಂಪುಸೆಟ್ಟಿಗೂ ಅದಕ್ಕೂ ನಂಟಿದೆ.

ನಮ್ಮ ಶಾಲೆಯ ನೂರು ವರ್ಷಗಳಲ್ಲಿ ಸಂಸ್ಥಾನ ಹೋಯಿತು, 1956ರಲ್ಲಿ ರಾಯಚೂರು ಒಂದು ರಾಜ್ಯಕ್ಕೆ, ನಾವು ಇನ್ನೊಂದಕ್ಕೆ ಸೇರಿದೆವು, 2014ರಲ್ಲಿ ರಾಜ್ಯದ ಹೆಸರೂ ಬದಲಾಯಿತು. ಇವೆಲ್ಲದರ ನಡುವೆಯೂ ಪ್ರತಿ ಬೆಳಿಗ್ಗೆ ಗಂಟೆ ಬಾರಿಸಿದೆ, ಹಾಜರಿ ಪುಸ್ತಕ ತೆರೆದಿದೆ, ಕನ್ನಡದಲ್ಲಿ ಪಾಠ ನಡೆದಿದೆ. ಗಡಿಯಂಚಿನ ಕನ್ನಡ ಶಾಲೆಯೊಂದರಲ್ಲಿ ಕಲಿತು ಏನಾಗಬೇಕಿದೆ ಎಂಬ ಪ್ರಶ್ನೆಯನ್ನು ನಮ್ಮ ಪಾಲಕರು ಈಗಲೂ ಕೇಳುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಒಂದು ದಿನದಲ್ಲಿ ಕೊಡಬಹುದಾದ ಉತ್ತರ ನಮ್ಮಲ್ಲಿಲ್ಲ. ಕೊಡೈಕನಾಲಿನಲ್ಲಿ ಫಲಕಗಳನ್ನು ತೆಗೆದವರಲ್ಲಿಯೂ ಇರಲಿಲ್ಲ. ಅವರು ಆ ದಿನದ ಫಲಕವನ್ನು ತೊಳೆದು, ಒಣಗಿಸಿ, ದಿನಾಂಕ ಬರೆದು ಕಪಾಟಿನಲ್ಲಿಟ್ಟರು. ಬಪ್ಪು ಅವರು ಆ ಕಪಾಟಿನ ಬೆಲೆಯನ್ನು ಅರಿತು ಕಾಪಾಡಿದರು. ಆಮೇಲೆ ಬಂದವರು ಅದರಲ್ಲಿ ನಿಯಮಗಳನ್ನು ಓದಿದರು.

1980ರಲ್ಲಿ ನಮ್ಮ ಮಕ್ಕಳು ಕಾಣದೆ ಹೋದ ಆ ಎರಡು ನಿಮಿಷಗಳನ್ನು ಮರಳಿ ತರುವುದು ಯಾರಿಂದಲೂ ಆಗದು. ಆದರೆ ಇನ್ನೊಂದು ಪಾರ್ಶ್ವಗ್ರಹಣವಾದರೂ ಬಂದಾಗ, ಸುರಕ್ಷಿತವಾದ ಕನ್ನಡಕಗಳನ್ನು ಹಂಚಿ, ಅಥವಾ ರಟ್ಟಿನ ಸೂಜಿರಂಧ್ರದ ಮೂಲಕ ಸೂರ್ಯಬಿಂಬವನ್ನು ಗೋಡೆಯ ಮೇಲೆ ಬೀಳಿಸಿ, ಮಕ್ಕಳನ್ನೂ ಅವರ ತಾಯಿತಂದೆಯರನ್ನೂ ಶಾಲೆಯ ಅಂಗಳಕ್ಕೆ ಕರೆತರುವುದು ನಮ್ಮ ಶಿಕ್ಷಕರ ಕೈಯಲ್ಲಿದೆ. ವೈನು ಬಪ್ಪು ಅವರ ಸ್ಮರಣೆಗೆ ಅದಕ್ಕಿಂತ ಸಲ್ಲುವ ಗೌರವ ಇನ್ನೊಂದಿಲ್ಲವೆಂದು ನಾವು ನಂಬಿದ್ದೇವೆ.